ಸಿಮೆಂಟ್ ಕಂಪನಿಗಳ ಕಲಹಕ್ಕೆ ತೆರೆ ಎಳೆದ ದಿನ್‌ಶಾ

ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಹಾಗೂ ಚಿಂಚೋಳಿ ಭಾಗದ ಸುಣ್ಣದ ಕಲ್ಲು ಕಲಬುರಗಿ ಜಿಲ್ಲೆಯನ್ನು ದೇಶದ ಪ್ರಮುಖ ಸಿಮೆಂಟ್ ಕೇಂದ್ರಗಳಲ್ಲಿ ಒಂದನ್ನಾಗಿಸಿದೆ. ನಿಜಾಮರ ಆಳ್ವಿಕೆಯಲ್ಲಿ, 1920ರ ದಶಕದಲ್ಲಿ, ಶಹಾಬಾದ್‌ನಲ್ಲಿ ಕಾರ್ಖಾನೆ ತಲೆಯೆತ್ತಿದಾಗ ಈ ಉದ್ಯಮ ಉಳಿಯುವುದೇ ಅನುಮಾನವಾಗಿತ್ತು. ಅದಕ್ಕೆ ಉಳಿವಿನ ದಾರಿ ತೋರಿದವರಲ್ಲಿ ಪ್ರಮುಖರು ಮುಂಬೈನ ಫ್ರಾಮ್ರೋಜ್ ಎಡುಲ್ಜಿ ದಿನ್‌ಶಾ.

ಪಾರ್ಸಿ ಸಮುದಾಯದ ದಿನ್‌ಶಾ ವೃತ್ತಿಯಿಂದ ಸಾಲಿಸಿಟರ್. ಕಾನೂನಿನಷ್ಟೇ ಲೆಕ್ಕಪತ್ರದಲ್ಲಿಯೂ ನಿಪುಣರಾಗಿದ್ದ ಅವರು ಕ್ರಮೇಣ ದೊಡ್ಡ ಬಂಡವಾಳಗಾರರಾಗಿ ಬೆಳೆದರು. ಗ್ವಾಲಿಯರ್ ಮಹಾರಾಜರ ಹೂಡಿಕೆಗಳಿಗೆ ಸಲಹೆಗಾರರಾಗಿದ್ದರು. 1920ರ ದಶಕದ ಮುಗ್ಗಟ್ಟಿನಲ್ಲಿ ಟಾಟಾ ಉದ್ಯಮಗಳಿಗೆ ಹಣ ಒದಗಿಸಿದರು.

ಪೋರಬಂದರಿನಲ್ಲಿ 1914ರಲ್ಲಿ ಸಿಮೆಂಟ್ ಉತ್ಪಾದನೆ ಆರಂಭವಾದ ಹೊತ್ತಿಗೇ ಮಹಾಯುದ್ಧ ಬಂದು ಆಮದು ಕುಸಿಯಿತು. ಬೆಲೆ ಏರಿತು, ಹೊಸ ಕಂಪನಿಗಳು ಹುಟ್ಟಿಕೊಂಡವು. ಯುದ್ಧ ಮುಗಿದ ಮೇಲೆ ಬ್ರಿಟಿಷ್ ಸಿಮೆಂಟ್ ಮತ್ತೆ ಹಡಗಿನಲ್ಲಿ ಬಂದಿಳಿಯಿತು. ಒಳನಾಡಿನ ಕಾರ್ಖಾನೆಗಳಿಗೆ ಕಲ್ಲು ಪಕ್ಕದಲ್ಲಿಯೇ ಇದ್ದರೂ ಕಲ್ಲಿದ್ದಲು ದೂರದಿಂದ ಬರಬೇಕಿತ್ತು. ಸರಕನ್ನು ಬಂದರು ನಗರಗಳಿಗೆ ಸಾಗಿಸಲು ರೈಲು ಬಾಡಿಗೆ ತೆರಬೇಕಿತ್ತು. ಇದರ ನಡುವೆ ದೇಶಿ ಕಂಪನಿಗಳು ಪರಸ್ಪರ ದರ ಇಳಿಸುತ್ತ ಅಸಲಿಗಿಂತ ಕಡಿಮೆಗೆ ಮಾರತೊಡಗಿದವು. ವಿದೇಶಿ ಪೈಪೋಟಿಗಿಂತ ಈ ಒಳಜಗಳವೇ ದೊಡ್ಡ ಪೆಟ್ಟು ಎಂಬುದನ್ನು ಸುಂಕ ಮಂಡಳಿಯ ವಿಚಾರಣೆಯೂ ಗುರುತಿಸಿತು.

ಪರಿಹಾರ ಹಂತಹಂತವಾಗಿ ಬಂತು. 1925ರಲ್ಲಿ ತಯಾರಕರ ಸಂಘ, 1927ರಲ್ಲಿ ಕಾಂಕ್ರೀಟ್ ಬಳಕೆಯ ಪ್ರಚಾರ ಸಂಸ್ಥೆ, 1930ರಲ್ಲಿ ಜಂಟಿ ಮಾರಾಟ ಕಂಪನಿ ರಚನೆಯಾದವು. ದಿನ್‌ಶಾ ಅವರಿಗೆ ಇಷ್ಟು ಸಾಲದೆನಿಸಿತು. ಮಾಲೀಕತ್ವವೇ ಒಂದಾಗಬೇಕೆಂದು ಅವರು ಪಟ್ಟು ಹಿಡಿದರು. ಟಾಟಾ, ಖಟಾವು ಮತ್ತು ತಮ್ಮದೇ ಸಮೂಹದ ಜತೆಗೆ ಬ್ರಿಟಿಷ್ ಮೂಲದ ಕಿಲಿಕ್ ನಿಕ್ಸನ್ ಸಂಸ್ಥೆಯನ್ನೂ ಒಂದೇ ಸೂರಿನಡಿ ತರುವುದು ಅವರ ಯೋಜನೆಯಾಗಿತ್ತು. ಅದು ಈಡೇರುವ ಮುನ್ನವೇ, 1936ರ ಜನವರಿಯಲ್ಲಿ, ಅವರು ನಿಧನರಾದರು. ಅದೇ ವರ್ಷ ಆಗಸ್ಟ್‌ನಲ್ಲಿ 10 ಕಂಪನಿಗಳು ವಿಲೀನಗೊಂಡು ಎಸಿಸಿ ಜನ್ಮ ತಾಳಿತು. ಶಹಾಬಾದ್ ಸಿಮೆಂಟ್ ಕಂಪನಿಯೂ ಅದರಲ್ಲಿ ಸೇರಿತು.

ಒಗ್ಗಟ್ಟು ಬಂದರೂ ಪೈಪೋಟಿ ನಿಲ್ಲಲಿಲ್ಲ. ದಾಲ್ಮಿಯಾ ಸಮೂಹ ಹೊಸ ಕಾರ್ಖಾನೆಗಳೊಂದಿಗೆ ಸವಾಲೆಸೆಯಿತು. 1941ರಲ್ಲಿ ಉಭಯ ಬಣಗಳು ಮಾರಾಟ ಒಪ್ಪಂದಕ್ಕೆ ಬಂದವು. ಕಂಪನಿಗಳು ಒಂದಾದಾಗ ಕಾರ್ಖಾನೆಗೆ ಭದ್ರತೆ ದೊರೆತರೂ ಗ್ರಾಹಕರಿಗೆ ಆಯ್ಕೆ ಕಿರಿದಾಗುತ್ತದೆ ಎಂಬ ಪ್ರಶ್ನೆಯೂ ಅಂದಿನಿಂದಲೇ ಬೆಳೆದುಬಂದಿದೆ.

ಎಸಿಸಿಯ ವಾಡಿ ಕಾರ್ಖಾನೆ 1968ರಲ್ಲಿ ಆರಂಭವಾಯಿತು. ಮುಂದೆ ಸೇಡಂ, ಮಳಖೇಡಗಳಲ್ಲಿ ಬಿರ್ಲಾ ಕುಟುಂಬದ ಕಂಪನಿಗಳು ಬಂದವು. ಚಿಂಚೋಳಿ ತಾಲ್ಲೂಕಿನ ಛತ್ರಸಾಲದಲ್ಲಿ ಫ್ರಾನ್ಸಿನ ವಿಕಾ ಕಂಪನಿ ಹೈದರಾಬಾದಿನ ಸಾಗರ್ ಸಿಮೆಂಟ್ಸ್ ಜತೆಗೂಡಿ ಕಾರ್ಖಾನೆ ಕಟ್ಟಿತು. 2005ರಲ್ಲಿ ಸ್ವಿಟ್ಜರ್ಲೆಂಡಿನ ಹೋಲ್ಸಿಮ್ ಎಸಿಸಿಯೊಳಗೆ ಕಾಲಿಟ್ಟಿತು. 2022ರಲ್ಲಿ ತನ್ನ ಪಾಲನ್ನು ಅದಾನಿ ಸಮೂಹಕ್ಕೆ ಮಾರಿ ನಿರ್ಗಮಿಸಿತು. ದಿನ್‌ಶಾ ಕಾಲದಲ್ಲಿ ವಿದೇಶಿ ಕಂಪನಿಗಳು ಸಿದ್ಧ ಸಿಮೆಂಟನ್ನು ಹಡಗಿಗೆ ತುಂಬಿ ಕಳುಹಿಸುತ್ತಿದ್ದವು. ಈಗ ಅವು ಷೇರು ಕೊಂಡೋ, ಸ್ಥಳೀಯ ಪಾಲುದಾರರನ್ನು ಹುಡುಕಿಯೋ ಒಳಬರುತ್ತವೆ. ಕಲ್ಲುಗಣಿಯ ಪಕ್ಕದ ಊರುಗಳ ದುಡಿಮೆ ಮಾತ್ರ ಅಂದಿನಂತೆ ಇಂದೂ ದೂರದ ನಗರಗಳ ನಿರ್ಧಾರಗಳನ್ನೇ ಅವಲಂಬಿಸಿದೆ.