ಜೋನಿಬೆಲ್ಲದಲ್ಲಿ ಈಜು

ಪುಣೆಯ ಕಾರ್ಖಾನೆಯೊಂದರಲ್ಲಿ ದಪ್ಪ ದ್ರವಗಳನ್ನು ಕಲಕುವ ಯಂತ್ರಗಳ ವಿನ್ಯಾಸ ನನ್ನ ಹೊಟ್ಟೆಪಾಡು. ಈ ಕಸುಬಿನಲ್ಲಿ ಮತ್ತೆ ಮತ್ತೆ ಕಿವಿಗೆ ಬೀಳುವ ಹೆಸರು ಜಿ.ಐ. ಟೇಲರ್. 1886ರಲ್ಲಿ ಲಂಡನ್ನಿನಲ್ಲಿ ಹುಟ್ಟಿದವರು. ತಾಯಿಯ ತಂದೆ, ಇಂದಿನ ಕಂಪ್ಯೂಟರ್ ತರ್ಕಕ್ಕೆ ಅಡಿಪಾಯ ಹಾಕಿದ ಜಾರ್ಜ್ ಬೂಲ್. ಅಜ್ಜಿ ಮೇರಿ, ಭಾರತದ ಸರ್ವೇಯರ್ ಜನರಲ್ ಆಗಿದ್ದ ಜಾರ್ಜ್ ಎವರೆಸ್ಟರ ಸೋದರನ ಮಗಳು. ಹೌದು, ಶಿಖರಕ್ಕೆ ಹೆಸರಾದ ಅದೇ ಎವರೆಸ್ಟ್.

ಟೈಟಾನಿಕ್ ಮುಳುಗಿದ ಮರುವರ್ಷ ಟೇಲರ್, ಮಂಜುಗಡ್ಡೆಗಳ ಮೇಲೆ ಕಣ್ಣಿಡುವ ಹಡಗಿನಲ್ಲಿ ಹವಾಮಾನ ಅಳೆಯಲು ಹೋದರು. ಮೊದಲ ಮಹಾಯುದ್ಧದಲ್ಲಿ ವಿಮಾನ ಹಾರಿಸಲು ಕಲಿತರು. ನೇಗಿಲ ಗುಳದ ಆಕಾರದ ಲಂಗರು ರೂಪಿಸಿದರು. 1945ರಲ್ಲಿ ಮೊದಲ ಅಣುಬಾಂಬ್ ಪರೀಕ್ಷೆಯನ್ನೂ ಕಣ್ಣಾರೆ ಕಂಡರು. ನನಗೆ ಇವೆಲ್ಲಕ್ಕಿಂತ ಹಿಡಿಸಿದ್ದು 1951ರಲ್ಲಿ, 65ನೇ ವಯಸ್ಸಿನಲ್ಲಿ, ಅವರು ಬಿಡಿಸಹೊರಟ ಒಗಟು: ವೀರ್ಯಾಣು ಈಜುವುದಾದರೂ ಹೇಗೆ?

ನಾವು ಈಜುವಾಗ ಕೈ ನಿಲ್ಲಿಸಿದ ಮೇಲೂ ಒಂದಿಷ್ಟು ಮುಂದೆ ಜಾರುತ್ತೇವೆ. ಅಷ್ಟು ಸಣ್ಣ ಜೀವಕ್ಕೆ ಆ ಜಾರಿಕೆ ಇಲ್ಲ. ನೀರೇ ಅದಕ್ಕೆ ಜೋನಿಬೆಲ್ಲ. ಗಟ್ಟಿ ಬಾಲವನ್ನು ದೋಣಿಯ ಹುಟ್ಟಿನಂತೆ ಅತ್ತಿತ್ತ ಆಡಿಸಿದರೆ ಅತ್ತ ಗಳಿಸಿದ್ದು ಇತ್ತ ಕಳೆಯುತ್ತದೆ. ಬಾಲದುದ್ದಕ್ಕೂ ಅಲೆ ಸಾಗಿದರೆ ನೂಕು ಸಿಗುತ್ತದೆ ಎಂದು ಟೇಲರ್ ಲೆಕ್ಕ ಹಾಕಿ ತೋರಿಸಿದರು. ಮರುವರ್ಷ ಸುರುಳಿ ಬಾಲದ ಲೆಕ್ಕ.

ಬರೀ ಲೆಕ್ಕಕ್ಕೆ ತೃಪ್ತರಾಗುವ ಆಸಾಮಿಯಲ್ಲ. 80ರ ಆಸುಪಾಸಿನಲ್ಲಿ, ಶೈಕ್ಷಣಿಕ ಚಿತ್ರವೊಂದಕ್ಕಾಗಿ, ತಿರುಚಿದ ರಬ್ಬರ್ ಬ್ಯಾಂಡಿನಿಂದ ಓಡುವ ಆಟಿಕೆಗಳನ್ನು ದಪ್ಪ ಪಾಕಕ್ಕೆ ಬಿಟ್ಟರು. ಬಾಲ ಬಡಿಯುವ ಮೀನು ನೀರಿನಲ್ಲಿ ಓಡಿತು, ಪಾಕದಲ್ಲಿ ಇದ್ದಲ್ಲೇ ಒದ್ದಾಡಿತು. ಸುರುಳಿ ಬಾಲದ್ದು ಮೈಯನ್ನು ಎದುರು ದಿಕ್ಕಿಗೆ ತಿರುಗಿಸುತ್ತ ನಿಧಾನಕ್ಕೆ ಸಾಗಿತು. ಕೆಲಸಕ್ಕೆ ಸೇರುವ ಹೊಸ ಹುಡುಗರಿಗೆ, ಸಾಫ್ಟ್‌ವೇರ್ ತೆರೆಯುವ ಮುನ್ನ, ನಾನು ತೋರಿಸುವುದು ಇದನ್ನೇ.

ಬಾಗುವ ಎಳೆಯ ವಿಷಯ ಇನ್ನೂ ಸ್ವಾರಸ್ಯ. ಗಟ್ಟಿಯಾದ ನೇರ ಕಡ್ಡಿಯನ್ನು ಪಾಕದಲ್ಲಿ ಓರೆಯಾಗಿಟ್ಟು ಎಷ್ಟೇ ತಿರುಗಿಸಿದರೂ ಮುಂದಕ್ಕೆ ನೂಕು ಇಲ್ಲ. ಅದೇ ಬಾಗುವ ಎಳೆಯಾದರೆ ದ್ರವದ ತಡೆಗೆ ತಾನಾಗಿ ಸುರುಳಿಯಂತೆ ಬಾಗಿ ನೂಕತೊಡಗುತ್ತದೆ. ಎಡಕ್ಕೆ ತಿರುಗಿಸಿ, ಬಲಕ್ಕೆ ತಿರುಗಿಸಿ, ನೂಕು ಒಂದೇ ಕಡೆಗೆ!

ಬ್ಯಾಕ್ಟೀರಿಯಾ ತನ್ನ ಬಾಲವನ್ನು ನಿಜಕ್ಕೂ ಮೋಟಾರಿನಂತೆ ತಿರುಗಿಸುತ್ತದೆ ಎಂಬುದು ಸಾಬೀತಾದದ್ದು 1974ರ ಹೊತ್ತಿಗೆ. ಅಷ್ಟರೊಳಗೆ ಪಾರ್ಶ್ವವಾಯು ಟೇಲರರ ಕೆಲಸ ನಿಲ್ಲಿಸಿತ್ತು. 1975ರ ಜೂನ್‌ನಲ್ಲಿ ಕೇಂಬ್ರಿಡ್ಜ್‌ನಲ್ಲಿ ತೀರಿಕೊಂಡರು.