ಗುಬ್ಬಿ ಕಂಪನಿ ಕಟ್ಟಿದವರು ಯಾರು ಸ್ವಾಮಿ?

ಸಾಮಾನ್ಯ ಜ್ಞಾನದ ಪುಸ್ತಕ ಬಸ್ ಸ್ಟ್ಯಾಂಡಿನಲ್ಲಿ ಕಡಲೆಕಾಯಿ ಥರ ಖರ್ಚಾಗುತ್ತೆ. ಮೊನ್ನೆ ತುಮಕೂರಿನಿಂದ ಗುಬ್ಬಿ ಕಡೆ ಹೊರಟ ಬಸ್ಸಿನಲ್ಲಿ ಪಕ್ಕದ ಸೀಟಿನ ಹುಡುಗನೊಬ್ಬ ಪರೀಕ್ಷೆಗೆಂದು ಅಂಥದ್ದೇ ಒಂದನ್ನು ಉರು ಹೊಡೆಯುತ್ತಿದ್ದ. ಗುಬ್ಬಿ ಕಂಪನಿಯ ಸ್ಥಾಪಕರು ಯಾರು ಎಂಬ ಪ್ರಶ್ನೆ ಬಂತು. ಅವನು ಬಾಯಿ ತೆರೆಯುವ ಮೊದಲೇ ಮುಂದಿನ ಸೀಟಿನವರು, ಹಿಂದಿನ ಸೀಟಿನವರು, ಕಡೆಗೆ ಕಂಡಕ್ಟರ್ ಸಾಹೇಬರೂ ಸೇರಿ ಗುಬ್ಬಿ ವೀರಣ್ಣ ಅಂದುಬಿಟ್ಟರು.

ತಪ್ಪು ಉತ್ತರ!

ವರ್ಷ ಲೆಕ್ಕ ಹಾಕಿ. ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ ಶುರುವಾದದ್ದು 1884ರಲ್ಲಿ. ವೀರಣ್ಣನವರು ಹುಟ್ಟಿದ್ದು 1891ರಲ್ಲಿ. ಹುಟ್ಟುವ ಏಳು ವರ್ಷ ಮುಂಚೆ ಕಂಪನಿ ಕಟ್ಟಲು ಅವರೇನು ಪುರಾಣ ಪುರುಷರೇ? ಕಟ್ಟಿದವರು ಗುಬ್ಬಿಯ ಚಂದಣ್ಣನವರು, ಅಬ್ದುಲ್ ಅಜೀಜ್ ಸಾಹೇಬರು ಮತ್ತು ಗೆಳೆಯರು. ಅವರ ಹೆಸರು ಇವತ್ತು ಯಾರ ಬಾಯಲ್ಲೂ ಇಲ್ಲ.

ಹಾಗಾದರೆ ವೀರಣ್ಣನವರ ಹೆಸರು ಹೇಗೆ ನಿಂತಿತು? ಅದೇ ಕಥೆ.

ಅವರು ಆ ಕಂಪನಿಗೆ ಸೇರಿದಾಗ ಬರೀ ಚಿಕ್ಕ ಹುಡುಗ. ಬಾಲಪಾತ್ರದಿಂದ ಶುರುಮಾಡಿ, ಬೆಳೆದು ಹಾಸ್ಯಗಾರರಾದರು. ಇದನ್ನು ಗಮನಿಸಬೇಕು. ಆ ಕಾಲದ ಕಂಪನಿ ನಾಟಕದಲ್ಲಿ ಮೆರೆಯುತ್ತಿದ್ದವನು ಎತ್ತರದ ದನಿಯಲ್ಲಿ ಕಂದ, ವೃತ್ತ ಹಾಡುವ ರಾಜಪಾರ್ಟಿನವನು. ಹಾಸ್ಯಗಾರ ಅಂದರೆ ಊಟಕ್ಕೆ ಉಪ್ಪಿನಕಾಯಿ. ವೀರಣ್ಣನವರು ಉಪ್ಪಿನಕಾಯಿಗೇ ಜನ ಎಲೆ ಹಾಕಿಸಿಕೊಂಡು ಕೂರುವಂತೆ ಮಾಡಿದರು. ಸದಾರಮೆ ನಾಟಕದಲ್ಲಿ ಅವರದು ಕಳ್ಳನ ಪಾತ್ರ. ನಾಯಕನಲ್ಲ, ಕಳ್ಳ! ಆ ಕಳ್ಳನನ್ನು ನೋಡುವುದಕ್ಕೇ ಟಿಕೆಟ್ ಖರ್ಚಾಗುತ್ತಿತ್ತು. ವಿನೋದ ರತ್ನಾಕರ ಎಂಬ ಬಿರುದೂ ಬಂತು.

1917ರಲ್ಲಿ ಕಂಪನಿ ಅವರ ಕೈಗೇ ಬಂತು. ಬಣ್ಣ ಹಚ್ಚಿದವನೇ ಗಲ್ಲದ ಮೇಲೂ ಕೂತ ಹಾಗಾಯಿತು. ವ್ಯಾಪಾರಸ್ಥರಿಗೆ ಇದರ ಕಷ್ಟ ಬೇಗ ಅರ್ಥವಾದೀತು. ನಟರು, ಸಂಗೀತದವರು, ಪರದೆ ಬರೆಯುವವರು, ಅಡಿಗೆಯವರು, ಹೆಂಗಸರು ಮಕ್ಕಳು ಎಲ್ಲರಿಗೂ ದಿನಾ ಎರಡು ಹೊತ್ತು ಎಲೆ ಹಾಕಬೇಕು, ಆಟ ಇರಲಿ ಇಲ್ಲದಿರಲಿ. ಮಳೆ ಹಿಡಿದರೆ ಗಲ್ಲ ಖಾಲಿ, ಒಲೆ ಮಾತ್ರ ಉರಿಯಲೇಬೇಕು. ಊರಿಗೆ ಪ್ಲೇಗು ಬಂದರೆ ಸಾಮಾನು ಕಟ್ಟಿ ಮುಂದಿನ ಊರಿಗೆ.

ಇಷ್ಟಿದ್ದೂ ವೀರಣ್ಣನವರು ಕೈ ಬಿಗಿ ಹಿಡಿದವರಲ್ಲ. 1934ರ ಕುರುಕ್ಷೇತ್ರ ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ತಂದರು. ಆನೆಯ ಮೇವಿನ ಖರ್ಚು ಕೇಳಿದರೆ ನಮ್ಮಂಥವರು ರಟ್ಟಿನ ಆನೆ ಸಾಕು ಅಂತಿದ್ದೆವು! ಗಂಡಸರೇ ಸೀರೆ ಉಡುತ್ತಿದ್ದ ರಂಗದ ಮೇಲೆ ಹೆಂಗಸರಿಗೆ ಜಾಗ ಕೊಟ್ಟವರಲ್ಲೂ ಅವರದು ಮುಂಚೂಣಿ. ಅವರ ಪತ್ನಿ ಬಿ. ಜಯಮ್ಮನವರು ರಂಗದಲ್ಲೂ ಸಿನಿಮಾದಲ್ಲೂ ದೊಡ್ಡ ಹೆಸರು ಮಾಡಿದರು.

ಒಂದು ಕಡೆ ಮಾತ್ರ ಕಾಲ ಅವರಿಗೆ ಕೈಕೊಟ್ಟಿತು. ಸಿನಿಮಾ ಬರುತ್ತಿದೆ ಎಂದು ಎಲ್ಲರಿಗಿಂತ ಮುಂಚೆ ಮೂಸಿ ನೋಡಿ, ಮೂಕಿ ಚಿತ್ರ ತೆಗೆಯಲು ಇಳಿದರು. 1931ರಲ್ಲಿ ಹಿಸ್ ಲವ್ ಅಫೇರ್, 1932ರಲ್ಲಿ ಹರಿಮಾಯ. ಆದರೆ 1931ರ ಮಾರ್ಚಿಯಲ್ಲೇ ಬೊಂಬಾಯಿಯಲ್ಲಿ ಆಲಂ ಆರಾ ಮಾತಾಡಿಬಿಟ್ಟಿತ್ತು. ಚಿತ್ರ ಮಾತಾಡುತ್ತದೆ ಅಂದಮೇಲೆ ಮೂಕಿ ಯಾರಿಗೆ ಬೇಕು? ಮಾತಿನಿಂದಲೇ ಹೆಸರಾದ ಮನುಷ್ಯ ದುಡ್ಡು ಹಾಕಿದ್ದು ಮಾತಿಲ್ಲದ ಚಿತ್ರಕ್ಕೆ. ಮೂರೇ ವರ್ಷದಲ್ಲಿ, 1934ರಲ್ಲಿ, ಕನ್ನಡದ ಮೊದಲ ಟಾಕಿ ಸತಿ ಸುಲೋಚನಾ ಬಂತು. ಅದು ವೀರಣ್ಣನವರದಲ್ಲ. ಅದಕ್ಕೆ ಸಂಭಾಷಣೆ ಬರೆದವರು ಮಾತ್ರ ಅವರ ಕಂಪನಿಗೇ ನಾಟಕ ಬರೆದುಕೊಡುತ್ತಿದ್ದ ಬೆಳ್ಳಾವೆ ನರಹರಿ ಶಾಸ್ತ್ರಿಗಳು!

ಬಿಟ್ಟವರಲ್ಲ ಬಿಡಿ. 1954ರಲ್ಲಿ ಅವರ ಸಂಸ್ಥೆಯ ಬೇಡರ ಕಣ್ಣಪ್ಪ ಬಂತು. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಎಂಬ ನಟರು ಗುಬ್ಬಿ ಕಂಪನಿಯಲ್ಲಿದ್ದರು. ಅವರ ಮಗ ಮುತ್ತುರಾಜನೇ ಈ ಚಿತ್ರದ ಕಣ್ಣಪ್ಪ. ನಿರ್ದೇಶಕ ಎಚ್.ಎಲ್.ಎನ್. ಸಿಂಹ ಅವನಿಗೆ ರಾಜ್‌ಕುಮಾರ್ ಎಂದು ಹೆಸರಿಟ್ಟರು. ಅದೇ ಚಿತ್ರದಲ್ಲಿ ನಮ್ಮ ತಿಪಟೂರಿನ ನರಸಿಂಹರಾಜು, ಮುಂದೆ 1975ರಲ್ಲಿ ಹಂಸಗೀತೆ ತೆಗೆದ ಜಿ.ವಿ. ಅಯ್ಯರ್. ಎಲ್ಲರೂ ಗುಬ್ಬಿ ಕಂಪನಿಯ ಊಟ ಉಂಡವರೇ. ದಕ್ಷಿಣ ಕನ್ನಡದ ಮಂಚಿಯಿಂದ ಮನೆ ಬಿಟ್ಟು ಬಂದ ಹುಡುಗನೊಬ್ಬನೂ ಕಂಪನಿ ಸೇರಿದ್ದ. ಅವನನ್ನು ಓದಲು ಬನಾರಸಿಗೆ ಕಳಿಸಿಕೊಟ್ಟವರು ವೀರಣ್ಣನವರೇ. ಆ ಹುಡುಗ ಬಿ.ವಿ. ಕಾರಂತ. ಮುಂದೆ ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆಗೆ ನಿರ್ದೇಶಕರಾದರು. ಕಂಪನಿ ನಡೆಸುವವನಿಗೆ ಚುರುಕು ಹುಡುಗನನ್ನು ಬಿಟ್ಟುಕೊಡುವುದು ನಷ್ಟದ ಬಾಬತ್ತು. ವೀರಣ್ಣನವರು ಆ ಲೆಕ್ಕ ನೋಡಲಿಲ್ಲ.

1972ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಅಕ್ಟೋಬರ್ 18ರಂದು ತೀರಿಕೊಂಡರು. ತಮ್ಮ ಬದುಕನ್ನು ಕಲೆಯೇ ಕಾಯಕ ಎಂಬ ಪುಸ್ತಕವಾಗಿ ಬಿಟ್ಟುಹೋಗಿದ್ದಾರೆ. ರಾಜ್ಯ ಸರ್ಕಾರ ವೃತ್ತಿರಂಗಭೂಮಿಯವರಿಗೆ ಅವರ ಹೆಸರಿನಲ್ಲಿ ಪ್ರಶಸ್ತಿ ಕೊಡುತ್ತದೆ.

ಇಷ್ಟನ್ನೂ ಬಸ್ಸಿನಲ್ಲಿ ಹುಡುಗನಿಗೆ ಹೇಳಿದೆ. ಅವನು ಎಲ್ಲಾ ಕೇಳಿಸಿಕೊಂಡು ಪುಸ್ತಕದ ಕೊನೆಯ ಪುಟ ತೆಗೆದು ತೋರಿಸಿದ. ಉತ್ತರದ ಪಟ್ಟಿಯಲ್ಲಿ ಅಚ್ಚಾಗಿದ್ದದ್ದು ವೀರಣ್ಣ ಅಂತಲೇ. ಚಂದಣ್ಣ ಅಂತ ಬರೆದರೆ ಮಾರ್ಕ್ಸ್ ಯಾರು ಕೊಡ್ತಾರೆ ಅಂತ ಕೇಳಿದ. ಅಷ್ಟರಲ್ಲಿ ಗುಬ್ಬಿ ಬಂತು, ಇಳಿದೆ.