ಗುರುತು ಹಚ್ಚದೆ ಗುರುತಿಸಿದ ಬೆಳಕು

ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳ ರೈತರು ಬೆಳೆದ ಕಬ್ಬು ಕಾರ್ಖಾನೆಯನ್ನು ಸೇರಿದಾಗ, ರಸದಲ್ಲಿ ಸಕ್ಕರೆ ಎಷ್ಟಿದೆಯೆಂಬುದಕ್ಕೆ ಬೆಳಕೇ ಸಾಕ್ಷಿ. ಧ್ರುವೀಕರಿಸಿದ ಕಿರಣವು ರಸವನ್ನು ಹಾಯುವಾಗ ಎಷ್ಟು ತಿರುಗಿತೆಂಬುದನ್ನು ಅಳೆದು ಲೆಕ್ಕ ಹಾಕುವರು. ಸಕ್ಕರೆಗೆ ಯಾವ ಗುರುತನ್ನೂ ಹಚ್ಚಬೇಕಾಗಿಲ್ಲ. ಇಂತಹ ಸಾಕ್ಷ್ಯವನ್ನು ಅಣುವಿನ ಕಂಪನದಿಂದಲೇ ಪಡೆಯುವ ಮಾರ್ಗವನ್ನು ತೆರೆದ ಸರ್ ಚಂದ್ರಶೇಖರ ವೆಂಕಟರಾಮನ್ನರನ್ನು ನಾವಿಂದು ಸ್ಮರಿಸುತ್ತೇವೆ.

1888ರ ನವೆಂಬರ 7ರಂದು ತಿರುಚಿನಾಪಳ್ಳಿಯಲ್ಲಿ ಜನಿಸಿದ ಅವರು 1907ರಲ್ಲಿ ಕಲಕತ್ತೆಯ ಹಣಕಾಸಿನ ಇಲಾಖೆಯಲ್ಲಿ ಅಧಿಕಾರಿಗಳಾದರು. ಹಗಲು ಸರಕಾರದ ಲೆಕ್ಕಪತ್ರ. ಬೆಳಗುಬೈಗುಗಳಲ್ಲಿ, ಮಹೇಂದ್ರಲಾಲ ಸರ್ಕಾರರು 1876ರಲ್ಲಿ ಸ್ಥಾಪಿಸಿದ್ದ ವಿಜ್ಞಾನ ಸಂಘದಲ್ಲಿ ಪ್ರಯೋಗ. 1917ರಲ್ಲಿ ಹೆಚ್ಚಿನ ವೇತನವನ್ನು ತೊರೆದು ಪ್ರಾಧ್ಯಾಪಕರಾದರು. 1928ರ ಫೆಬ್ರುವರಿ 28ರಂದು, ಕೆ. ಎಸ್. ಕೃಷ್ಣನ್ನರ ಸಹಕಾರದಿಂದ, ಚೆದರಿದ ಬೆಳಕಿನ ಅತ್ಯಲ್ಪ ಅಂಶವು ಬಣ್ಣವನ್ನು ಬದಲಿಸುವುದೆಂಬುದನ್ನು ಕಂಡರು. ಆ ಅಂಶವು ಸುಮಾರು ಕೋಟಿಗೆ ಒಂದು. ಬದಲಾವಣೆಯ ಅಳತೆಯು ಆಯಾ ಅಣುವಿನ ಕಂಪನಕ್ಕನುಗುಣವಾದುದರಿಂದ ಅದು ಅಣುವಿನ ಸ್ವಂತ ಸಹಿಯಂತಿದೆ. 1930ರಲ್ಲಿ ನೋಬೆಲ್ ಪಾರಿತೋಷಕವು ದೊರೆಯಿತು.

ಇದರ ಬೆಲೆಯೇನು? ಔಷಧದ ಅಣುವು ಪ್ರೋಟೀನಿಗೆ ಅಂಟಿತೋ ಇಲ್ಲವೋ ಎಂದರಿಯಲು ಅದಕ್ಕೆ ಹೊಳೆಯುವ ಬಣ್ಣವನ್ನು ಕಟ್ಟುವ ರೂಢಿಯುಂಟು. ಆದರೆ ಕಟ್ಟಿದ ಬಣ್ಣವೇ ಆ ಅಂಟಿಕೆಯನ್ನು ಕೆಡಿಸಬಹುದು. ಸಾಕ್ಷಿಯ ಬಾಯಿಗೆ ನಾವೇ ಮಾತು ತುರುಕಿದಂತಾಗುವುದು. ಅಣುಗಳೆರಡು ಕೂಡಿದಾಗ ಅವುಗಳ ಕಂಪನಗಳು ಕಿಂಚಿತ್ತು ಬದಲಾಗುತ್ತವೆ. ರಾಮನ್ ವರ್ಣಪಟಲದಲ್ಲಿ ಆ ಬದಲಾವಣೆಯನ್ನು ಬಣ್ಣದ ಹಂಗಿಲ್ಲದೆ ಓದಬಹುದು.

1933ರಲ್ಲಿ ಅವರು ಬೆಂಗಳೂರಿಗೆ ಬಂದು ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾದರು. 1948ರಲ್ಲಿ ತಮ್ಮ ಸಂಶೋಧನಾಲಯವನ್ನು ಕಟ್ಟಿದರು. 1970ರ ನವೆಂಬರ 21ರಂದು ಅಲ್ಲಿಯೇ ನಿಧನರಾದರು. ಅವರ ಬೆಳಕು ಬಹಳ ಕ್ಷೀಣವಾದುದು. 1960ರಲ್ಲಿ ಹುಟ್ಟಿದ ಲೇಸರ್ ಅದಕ್ಕೆ ಬಲವಿತ್ತಿತು. ಒರಟು ಬೆಳ್ಳಿಯ ಮೇಲೆ ಕುಳಿತ ಅಣುಗಳಿಂದ ಅದು ಅನೇಕ ಪಟ್ಟು ಪ್ರಬಲವಾಗಿ ಹೊಮ್ಮುವುದೆಂಬುದು 1970ರ ದಶಕದಲ್ಲಿ ತಿಳಿದುಬಂದಿತು. ಇದನ್ನು ನೋಡಲು ಅವರಿರಲಿಲ್ಲ. ಬಿತ್ತಿದವರು ಒಬ್ಬರು, ರಾಶಿ ಮಾಡಿದವರು ಅನೇಕರು.

ಕೋಟಿಯಲ್ಲಿ ಒಂದು ಪಾಲನ್ನೂ ಕಡೆಗಣಿಸದ ಕಣ್ಣು ಅವರದು. ಅಂತಹ ಕಣ್ಣು ನಿಪ್ಪಾಣಿಯಿಂದ ಕಾಗವಾಡದವರೆಗಿನ ಯಾವ ಶಾಲೆಯಲ್ಲಿಯೂ ಇರಬಹುದು. ಆದರೆ ಶಾಲೆಯ ಗಾಜಿನ ಪಟ್ಟಕವು ಕಪಾಟಿನಲ್ಲಿ ಧೂಳು ತಿನ್ನುತ್ತ ಬಿದ್ದಿದ್ದರೆ ಆ ಕಣ್ಣು ತೆರೆಯುವುದೆಂತು? ಫೆಬ್ರುವರಿ 28ನ್ನು ವಿಜ್ಞಾನ ದಿನವೆಂದು ಭಾಷಣಗಳಿಂದ ಆಚರಿಸುವ ನಾವು, ಅಂದಾದರೂ ಕಪಾಟಿನ ಬೀಗವನ್ನು ತೆಗೆದು ಪಟ್ಟಕವನ್ನು ಮಕ್ಕಳ ಕೈಗೆ ಕೊಡೋಣ.